ದುರ್ಬೀನು ಕೊಂಡ ವರ್ಷ

ತಪ್ಪು ಹುಡುಕುವುದು ನನ್ನ ಹೊಟ್ಟೆಪಾಡು. ಗೋವೆಯ ವೆರ್ಣಾದ ಕಾರ್ಖಾನೆಯೊಂದರಲ್ಲಿ ಹದಿನೆಂಟು ವರ್ಷದಿಂದ ಕ್ವಾಲಿಟಿ ಇನ್ಸ್‌ಪೆಕ್ಟರ್ ಆಗಿದ್ದೇನೆ. ಲೇತಿನಿಂದ ಇಳಿದ ಶಾಫ್ಟನ್ನು ಅಳೆಯುವುದು, ಕೂದಲೆಳೆಯಷ್ಟು ಹೆಚ್ಚುಕಡಿಮೆ ಕಂಡರೂ ಕೆಂಪು ಚೀಟಿ ಅಂಟಿಸಿ ಪಕ್ಕಕ್ಕಿಡುವುದು. ಅದನ್ನು ಮಾಡಿದವನು ಬಂದು ಎಷ್ಟು ಗೋಗರೆದರೂ ನಾನು ಚೀಟಿ ಕೀಳುವವನಲ್ಲ. ಈ ಕೆಲಸ ಮನುಷ್ಯನಿಗೆ ಒಂದು ದುರಭ್ಯಾಸ ಹಚ್ಚುತ್ತದೆ. ತಪ್ಪು ಆಗಿದ್ದರೆ ಅದು ಬೇರೆಯವರ ಕೈಯಲ್ಲೇ ಆಗಿರಬೇಕು ಅನ್ನಿಸಲು ಶುರುವಾಗುತ್ತದೆ. ಮೇಲಾಗಿ ನನ್ನ ಬಾಯಿ ಹರಿತ. ನನ್ನ ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ, ಬುದ್ಧಿ ಮಾತ್ರ ಊಟದ ಡಬ್ಬಿಯ ಹಾಗೆ ದಿನಾ ಮನೆಯಲ್ಲೇ ಮರೆತುಹೋಗುತ್ತದೆ ಎಂದು ಹೆಂಡತಿ ಆಡಿಕೊಳ್ಳುತ್ತಾಳೆ.

ಇಷ್ಟನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಬರೆಯುವುದರಲ್ಲಿ ನನ್ನ ಪರವಾಗಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ.

ನಮ್ಮ ಮನೆ ಝುವಾರಿನಗರದಲ್ಲಿ. ಒಂದರ ಗೋಡೆ ಇನ್ನೊಂದಕ್ಕೆ ಅಂಟಿದ ಮನೆಗಳು, ಮೇಲೆ ಸಿಮೆಂಟ್ ಶೀಟು, ಹತ್ತು ಮನೆಗೆ ಸೇರಿ ಒಂದು ನಳ. ಗಲ್ಲಿಯಲ್ಲಿ ಅರ್ಧಕ್ಕರ್ಧ ಬಾಗಲಕೋಟೆ, ವಿಜಯಪುರದ ಕಡೆಯ ಜನ. ನಮ್ಮ ಗೋಡೆಯಾಚೆಗಿನ ಮನೆ ಸೆಂಟ್ರಿಂಗ್ ಮಿಸ್ತ್ರಿಯದು. ಸ್ಲ್ಯಾಬಿಗೆ ಕಾಂಕ್ರೀಟು ಸುರಿಯುವ ಮೊದಲು ಕೆಳಗೆ ಕಂಬ ಕೊಟ್ಟು, ಮೇಲೆ ಪ್ಲೈವುಡ್ ಹಾಸಿ ಅಚ್ಚು ಕಟ್ಟುವ ಕೆಲಸ ಅವರದು. ನನಗಿಂತ ಹತ್ತು ವರ್ಷ ದೊಡ್ಡವರು. ಮುಸಲ್ಮಾನರು, ನಮಾಜು ತಪ್ಪಿಸಿದವರಲ್ಲ, ಮಾತು ಕಡಿಮೆ.

ಗಲ್ಲಿಯಲ್ಲಿ ಮೊದಲಿನಿಂದ ಒಂದು ರೂಢಿಯಿತ್ತು. ಚೌತಿಗೆ ನಾವೆಲ್ಲ ಊರಿಗೆ ಹೊರಟಾಗ ಮನೆಯ ಚಾವಿ ಮಿಸ್ತ್ರಿಯ ಕೈಗೆ. ರಮ್ಜಾನ್ ಹಬ್ಬಕ್ಕೆ ಅವರು ಊರಿಗೆ ಹೊರಟಾಗ ಅವರ ಮನೆ ಚಾವಿ ನಮ್ಮ ಕೈಗೆ. ಚೌತಿಯ ಹೊತ್ತಿಗೆ ಅವರ ಬಾಗಿಲ ಹಿಂದಿನ ಹಲಗೆಯ ಮೇಲೆ ಎಂಟು ಒಂಬತ್ತು ಮನೆಗಳ ಚಾವಿಗಳು ನೇತಾಡುತ್ತಿದ್ದವು. ಯಾವುದು ಯಾರದು ಎಂದು ಗೊತ್ತಾಗಲಿ ಅಂತ ಮಿಸ್ತ್ರಿಯ ಹೆಂಡತಿ, ನಾವೆಲ್ಲ ಭಾಬಿ ಅನ್ನುವವರು, ಒಂದೊಂದಕ್ಕೆ ಒಂದೊಂದು ಬಣ್ಣದ ಬಟ್ಟೆಯ ಚೂರು ಕಟ್ಟುತ್ತಿದ್ದರು. ಪರಸ್ಥಳದಲ್ಲಿ ಬದುಕುವವರಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ. ಮಿಸ್ತ್ರಿಯ ಹತ್ತಿರ ಬೇರೆ ಆಸ್ತಿ ಏನೂ ಇರಲಿಲ್ಲ, ಆ ಹಲಗೆಯೇ ಇತ್ತು.

ಆಕಾಶ ನೋಡುವ ದುರ್ಬೀನಿನ ಹುಚ್ಚು ನನಗೆ ಪಿಯುಸಿ ಸೈನ್ಸ್ ಓದುವಾಗಿನದು. ನಲವತ್ತು ದಾಟಿದ ಮೇಲೆ ಒಂದು ಬೇಸಿಗೆ, ಇನ್ನು ಕೊಳ್ಳದಿದ್ದರೆ ಕಣ್ಣಿಗೆ ಪೊರೆ ಬಂದ ಮೇಲೆ ಕೊಳ್ಳಬೇಕಾದೀತು ಅನ್ನಿಸಿತು. ಕಂಪನಿ ಬಸ್ಸಿನಲ್ಲಿ ಹೋಗುವಾಗ ಬರುವಾಗ ಮೊಬೈಲಿನಲ್ಲಿ ಅದೇ ನೋಟ. ಕಡಿಮೆ ಬೆಲೆಗೆ, ಹೊಸಬರಿಗೆ, ಯಾವುದು ಚಲೋ. ಮೂರು ತಿಂಗಳು ಹೀಗೆ ನೋಡಿದೆ. ನನ್ನನ್ನು ನೋಡಾಕ ಬಂದಾಗ ಇಷ್ಟ ನೋಡಿದ್ದಿಲ್ಲ ನೀವು, ಎಂದು ಹೆಂಡತಿ ಚುಚ್ಚಿದಳು.

ತಿಳಿದವರೆಲ್ಲ ಹೇಳಿದ್ದು ಒಂದೇ ಮಾತು. ಡಬ್ಬಿಯ ಮೇಲೆ ಬರೆದ ಇಷ್ಟು ನೂರು ಪಟ್ಟು ದೊಡ್ಡದಾಗಿ ಕಾಣುತ್ತದೆ ಅನ್ನುವ ಲೆಕ್ಕಕ್ಕೆ ಮರುಳಾಗಬೇಡಿ, ಒಂದು ಮಿತಿ ದಾಟಿದರೆ ಕಾಣುವುದು ಬರೀ ದೊಡ್ಡ ಮಸುಕು. ಬೆಳಕು ಹಿಡಿಯುವ ಕನ್ನಡಿ ಎಷ್ಟು ಅಗಲ ಇದೆ ನೋಡಿ. ಅದಕ್ಕಿಂತ ಮೊದಲು ಸ್ಟ್ಯಾಂಡು ನೋಡಿ. ಕೈಯಲ್ಲಿರುವ ದುಡ್ಡಿನಲ್ಲಿ ಅರ್ಧ ಸ್ಟ್ಯಾಂಡಿಗೆ ಹೋದರೂ ನಷ್ಟವಿಲ್ಲ. ಇದನ್ನೆಲ್ಲ ನಾನು ಡೈರಿಯಲ್ಲಿ ಬರೆದು ಕೆಳಗೆ ಗೀಟು ಬೇರೆ ಎಳೆದಿದ್ದೆ. ಕಾರ್ಖಾನೆಯಲ್ಲೂ ನನಗೆ ಅದೇ ಪಾಠ: ಅಳೆಯುವ ಯಂತ್ರವನ್ನು ಗ್ರಾನೈಟ್ ಕಲ್ಲಿನ ಮೇಲೆ ಕೂರಿಸುತ್ತೇವೆ, ಪಕ್ಕದ ಪ್ರೆಸ್ಸಿನ ನಡುಕ ಅದಕ್ಕೆ ತಟ್ಟಬಾರದು ಎಂದು.

ಮಡಗಾವಿನ ಅಂಗಡಿಗೆ ಹೋದಾಗ ಒಂದೇ ಬೆಲೆಯವು ಎರಡಿದ್ದವು. ಒಂದು ಮೋಟು, ಮರದ ಪೆಟ್ಟಿಗೆಯಂಥ ಪೀಠದ ಮೇಲೆ ಕಪ್ಪೆಯ ಹಾಗೆ ಕುಳಿತದ್ದು. ಇನ್ನೊಂದು ಆಳೆತ್ತರ, ಬಿಳಿ ಕೊಳವೆ, ಮೂರು ತೆಳ್ಳನೆಯ ಕಾಲು, ಪಕ್ಕಕ್ಕೆ ತೂಗುವ ಗುಂಡು, ಡಿಗ್ರಿಯ ಗೀಟು ಕೊರೆದ ಎರಡು ಚಕ್ರ. ಗೀಟು ಕೊರೆದ ಚಕ್ರ ಕಂಡರೆ ಇನ್ಸ್‌ಪೆಕ್ಟರನ ಮನಸ್ಸು ನಿಲ್ಲುತ್ತದೆಯೇ? ಡೈರಿ ಜೇಬಿನಲ್ಲೇ ಉಳಿಯಿತು. ಎತ್ತರದ್ದನ್ನೇ ಹೊತ್ತು ತಂದೆ.

ಸಂಜೆ ನಳದ ಹಿಂದಿನ ನೀರಿನ ಟಾಕಿಯ ಸ್ಲ್ಯಾಬಿನ ಮೇಲೆ ಅದನ್ನು ನಿಲ್ಲಿಸಿದೆ. ಅರ್ಧ ಚಂದ್ರ ಮೇಲಿದ್ದ. ಗಲ್ಲಿಯೆಲ್ಲ ಸೇರಿತು. ನಾನು ಚಂದ್ರನನ್ನು ಹಿಡಿದು ತೋರಿಸುವುದು, ಅವರು ಕಣ್ಣಿಡುವಾಗ ಮೂಗೋ ರೆಪ್ಪೆಯೋ ತಾಗುವುದು, ಚಂದ್ರ ಅಡ್ಡಾದಿಡ್ಡಿ ಕುಣಿಯುವುದು. ಕುಣಿತ ನಿಲ್ಲುವಷ್ಟರಲ್ಲಿ ಅವನು ಆಚೆ ಸರಿದಿರುತ್ತಿದ್ದ. ಗಾಳಿ ಬೀಸಿದರೂ ನಡುಕ, ಯಾರಾದರೂ ಪಕ್ಕದಲ್ಲಿ ಕಾಲು ಸರಿಸಿದರೂ ನಡುಕ. ಯಾರೂ ಮುಖದ ಮೇಲೆ ಹೇಳಲಿಲ್ಲ. ಚಲೋ ಐತ್ರಿ, ಚಲೋ ಐತ್ರಿ ಎನ್ನುತ್ತ ಒಬ್ಬೊಬ್ಬರೇ ಅಡುಗೆಗೆ ಹೋದರು.

ಕೊನೆಗೆ ಉಳಿದವರು ಮಿಸ್ತ್ರಿ. ಎರಡು ಬೆರಳಿನಲ್ಲಿ ಒಂದು ಕಾಲನ್ನು ಹಿಡಿದು ಮೆಲ್ಲಗೆ ಅಲ್ಲಾಡಿಸಿ ನೋಡಿದರು.

"ಮ್ಯಾಲಿನ ಸ್ಲ್ಯಾಬ್ ನೋಡಿ ತಂದೀರಿ, ಕೆಳಗಿನ ಕಂಬ ನೋಡಿಲ್ರಿ."

ಇದು ಸೈನ್ಸ್ ಮಿಸ್ತ್ರಿ, ಸ್ಲ್ಯಾಬ್ ಅಲ್ಲ ಎಂದು ನಾನು ಗುರ್ ಎಂದೆ. ಅವರು ನಗಲೂ ಇಲ್ಲ, ಮುನಿಯಲೂ ಇಲ್ಲ. ಕೊಳವೆಯ ಸುತ್ತಳತೆಯನ್ನು ಗೇಣಿನಿಂದ ಅಳೆದುಕೊಂಡು ಹೋದರು.

ಮುಂದಿನ ಎರಡು ಭಾನುವಾರ ಅವರು ಬಾಗಿಲ ಮುಂದೆ ಕುಳಿತು ಸೈಟಿನಲ್ಲಿ ಉಳಿದ ಪ್ಲೈವುಡ್ ಕೊಯ್ದರು. ಕೆಳಗೆ ದುಂಡನೆಯ ಪೀಠ, ಅದರ ಮೇಲೆ ತಿರುಗುವ ಪೆಟ್ಟಿಗೆ, ಪೆಟ್ಟಿಗೆಯ ಎರಡು ಪಕ್ಕೆಯಲ್ಲಿ ಅರ್ಧಚಂದ್ರದ ಹಾಗೆ ಕೊರೆದ ಕಚ್ಚು. ಕೊಳವೆಗೆ ಎರಡೂ ಕಡೆ ಪೈಪಿನ ಮುಚ್ಚಳ ಕಟ್ಟಿ ಆ ಕಚ್ಚಿನಲ್ಲಿ ಕೂರಿಸಿದರು. ನಡುವೆ ಜಾರಲು ಏನಾದರೂ ಬೇಕು ಅಂದಾಗ ನಾನು ಕಾರ್ಖಾನೆಯಿಂದ ಟೆಫ್ಲಾನ್ ಅನ್ನುವ ನುಣ್ಣನೆಯ ಪ್ಲಾಸ್ಟಿಕ್ಕಿನ ತುಂಡುಗಳನ್ನು ತಂದುಕೊಟ್ಟೆ. ಸ್ಟೋರಿನವರನ್ನು ಕೇಳಿರಲಿಲ್ಲ, ಜೇಬಿಗೆ ಹಾಕಿಕೊಂಡು ಬಂದಿದ್ದೆ. ಅದನ್ನು ಕಳ್ಳತನ ಎಂದು ನಾನು ಆಗ ಅಂದುಕೊಂಡಿರಲೇ ಇಲ್ಲ.

ಪೀಠ ಮುಗಿದ ಸಂಜೆ ಮತ್ತೆ ಟಾಕಿಯ ಮೇಲೆ ಇಟ್ಟೆವು. ಬಕೆಟ್ ಬೋರಲು ಹಾಕಿ ಕುಳಿತು ನೋಡುವುದು. ಒಂದು ಬೆರಳಿನಿಂದ ನೂಕಿದರೆ ಸರಿಯುತ್ತದೆ, ಬಿಟ್ಟಲ್ಲಿ ನಿಲ್ಲುತ್ತದೆ, ಮಕ್ಕಳು ಸುತ್ತ ಕುಣಿದರೂ ಚಂದ್ರ ಅಲ್ಲಾಡಲಿಲ್ಲ. ಮೊದಲು ಭಾಬಿ ನೋಡಿದರು. ಸಿಡುಬು ಎದ್ದು ಹೋದ ಮುಖ ಆಗೇತಲ್ರೀ ಪಾಪ, ಎಂದು ಮರುಗಿದರು. ಅಂಗಡಿಯಲ್ಲಿ ನಾನು ಬಿಟ್ಟು ಬಂದ ಆ ಮೋಟು ದುರ್ಬೀನಿನ ಪೀಠವೂ ಇಂಥದ್ದೇ ಇತ್ತು. ಇದನ್ನು ಮಿಸ್ತ್ರಿಗೆ ಹೇಳಲಿಲ್ಲ.

ಜೂನ್ ಬಂತು, ಗೋವೆಯ ಮಳೆ ಬಂತು. ಇಲ್ಲಿನ ಮಳೆಗಾಲದಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ, ಲೆನ್ಸಿಗೆ ಬಿಟ್ಟೀತೇ? ದುರ್ಬೀನಿಗೆ ಕಣ್ಣಿಡುವ ಕಡೆ ಸಿಕ್ಕಿಸುವ ಲೆನ್ಸುಗಳು ಎರಡಿದ್ದವು, ದೊಡ್ಡದು ಒಂದು, ಸಣ್ಣದು ಒಂದು. ದೊಡ್ಡದೇ ನಿಜವಾಗಿ ಉಪಯೋಗಕ್ಕೆ ಬರುವಂಥದ್ದು. ಒಂದು ದಿನ ಅದನ್ನು ಕರವಸ್ತ್ರದಲ್ಲಿ ಸುತ್ತಿ ಕಾರ್ಖಾನೆಗೆ ಒಯ್ದು, ಹಗಲೂ ರಾತ್ರಿ ಎಸಿ ಓಡುವ ನಮ್ಮ ಅಳತೆಯ ಕೋಣೆಯಲ್ಲಿ, ಗೇಜುಗಳ ಮರದ ಡಬ್ಬಿಯ ಮೂಲೆಯಲ್ಲಿ ಇಟ್ಟೆ. ಎರಡು ದಿನಕ್ಕೆಂದು ಇಟ್ಟದ್ದು. ಆಮೇಲೆ ಪಾಳಿ ಬದಲಾಯಿತು, ಮಳೆ ಹಿಡಿಯಿತು, ದುರ್ಬೀನು ಮಂಚದ ಪಕ್ಕದಲ್ಲಿ ಬೆಡ್‌ಶೀಟ್ ಹೊದ್ದು ಮಲಗಿತು, ನನಗೆ ಪೂರ್ತಿ ಮರೆತೇಹೋಯಿತು.

ಚೌತಿಗೆ ಐದು ದಿನ ಊರಿಗೆ ಹೋದೆವು. ಚಾವಿ ಎಂದಿನಂತೆ ಹಲಗೆಗೆ.

ವಾಪಸ್ ಬಂದು, ಹಲಗೆಯಿಂದ ಚಾವಿ ತಂದು ಬಾಗಿಲು ತೆಗೆದವನಿಗೆ ಮೊದಲು ಕಂಡದ್ದು, ದುರ್ಬೀನು ಇಟ್ಟಲ್ಲಿ ಇಲ್ಲ. ಎದುರು ಗೋಡೆಗೆ ಸರಿದಿದೆ. ನಮ್ಮ ಬೆಡ್‌ಶೀಟಿನ ಮೇಲೆ ನಮ್ಮದಲ್ಲದ ನೀಲಿ ಪ್ಲಾಸ್ಟಿಕ್ ಹೊದಿಸಿ ಹಗ್ಗ ಬಿಗಿದಿದ್ದಾರೆ. ಲೆನ್ಸಿನ ಡಬ್ಬಿ ತೆರೆದೆ. ಸಣ್ಣದು ಇದೆ, ದೊಡ್ಡದರ ಜಾಗ ಖಾಲಿ. ಸಮಾಧಾನ ಮಾಡ್ಕೊಂಡು ಒಂದ್ಸಲ ಹುಡುಕ್ರಿ ಎಂದು ಹೆಂಡತಿ ಹೇಳುತ್ತಲೇ ಇದ್ದಳು. ನಾನು ಹೊಸ್ತಿಲು ದಾಟಿಯಾಗಿತ್ತು.

ಬೆಳಗಿನ ನೀರು ಬಿಟ್ಟ ಹೊತ್ತು. ನಳದ ಮುಂದೆ ಆರೇಳು ಹೆಂಗಸರು ಕೊಡ ಹಿಡಿದು ನಿಂತಿದ್ದರು, ಮಿಸ್ತ್ರಿ ಬಕೆಟ್ ತುಂಬಿಸಿಕೊಳ್ಳುತ್ತಿದ್ದರು.

"ಮಿಸ್ತ್ರಿ, ನಮ್ಮ ಮನ್ಯಾಗಿಂದ ದುರ್ಬೀನಿನ ಲೆನ್ಸ್ ಹೋಗೇತಿ. ಚಾವಿ ನಿಮ್ಮ ಹತ್ರನ ಇತ್ತಲ್ಲ?"

ಅವರು ತಿರುಗಿ ನೋಡಿದರು. "ಸಾಮಾನು ಸರಿಸಿಟ್ಟಿದ್ದು ನಾನ ರೀ. ಲೆನ್ಸ್ ನಾ ಕಂಡಿಲ್ಲ."

"ಹಂಗಾದ್ರ ಅದಕ್ಕ ಕಾಲು ಬಂದಿರಬೇಕು," ಎಂದೆ.

ಕಳ್ಳ ಅನ್ನುವ ಮಾತು ನಾನು ಆಡಲಿಲ್ಲ. ಅಷ್ಟು ಶಾಣ್ಯಾತನ ನನಗಿತ್ತು. ಯಾರದೋ ಕೊಡ ತುಂಬಿ ನೀರು ಚೆಲ್ಲುತ್ತಿತ್ತು, ಯಾರೂ ಎತ್ತಿಕೊಳ್ಳಲಿಲ್ಲ. ಮಿಸ್ತ್ರಿ ಅರ್ಧ ತುಂಬಿದ ಬಕೆಟನ್ನು ಅಲ್ಲೇ ಬಿಟ್ಟು ಒಳಗೆ ಹೋಗಿ ಹಲಗೆಯನ್ನೇ ಕಿತ್ತುಕೊಂಡು ಬಂದರು. ಆಗಷ್ಟೇ ಊರಿಂದ ಬಂದಿಳಿದು ಚಾವಿಗೆಂದು ನಿಂತಿದ್ದವರಿಗೆ ಅವರವರ ಚಾವಿ ಕೊಟ್ಟರು. ಬರದವರ ಎರಡು ಉಳಿದವು. ಅವನ್ನು ಗಲ್ಲಿಯ ಹಿರಿಯ ಮುದುಕಿಯ ಕೈಗಿಟ್ಟು, "ಇವು ನಿಮ್ಮ ಹತ್ರ ಇರ್ಲಿ ಅವ್ವಾರ," ಎಂದರು. ಆಮೇಲೆ ಬಕೆಟ್ ಎತ್ತಿಕೊಂಡು ಹೋದರು.

ಇಷ್ಟು ವರ್ಷದ ನೆರೆಯವನನ್ನು ಹೀಗೆ ಬಯಲಲ್ಲಿ ನಿಲ್ಲಿಸಿ ಕೇಳುವ ಧೈರ್ಯ ನನಗೆ ಎಲ್ಲಿಂದ ಬಂತು? ಚಾವಿ ನಮ್ಮವರೇ ಒಬ್ಬರ ಕೈಯಲ್ಲಿ ಇದ್ದಿದ್ದರೆ ನಾನು ಮೊದಲು ಮನೆಯೊಳಗೆ ಕರೆದು, ಚಹಾ ಕೊಟ್ಟು, ಸುತ್ತಿ ಬಳಸಿ ಕೇಳುತ್ತಿದ್ದೆನೋ ಏನೋ. ಏನೋ ಯಾಕೆ, ಹಾಗೇ ಕೇಳುತ್ತಿದ್ದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಬರೆಯದಿದ್ದರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ.

ಎರಡು ದಿನದ ಮೇಲೆ ಜೋರು ಮಳೆ ಸುರಿಯಿತು. ಹೆಂಡತಿ ನನ್ನನ್ನು ಕರೆದು ಸುಮ್ಮನೆ ಬೆರಳು ಮಾಡಿ ತೋರಿಸಿದಳು. ದುರ್ಬೀನು ಮೊದಲು ಇದ್ದ ಜಾಗಕ್ಕೆ ಸರಿಯಾಗಿ ಮೇಲೆ ಶೀಟು ಸೀಳಿ ನೀರು ತೊಟ್ಟಿಕ್ಕುತ್ತಿತ್ತು. ಅಲ್ಲಿಂದ ಅದನ್ನು ಯಾಕೆ ಸರಿಸಿದರು, ಪ್ಲಾಸ್ಟಿಕ್ ಯಾಕೆ ಹೊದಿಸಿದರು ಎಂದು ಹೇಳಬೇಕಾಗಿರಲಿಲ್ಲ. ನಾನಾದರೂ ಬಿಟ್ಟೆನೇ? ಸೋರುವುದು ಬೇರೆ, ಲೆನ್ಸ್ ಹೋದದ್ದು ಬೇರೆ ಎಂದು ವಾದಿಸಿದೆ. ಅವಳು ಪಾತ್ರೆ ತಂದು ಕೆಳಗಿಟ್ಟಳು.

ಕಾರ್ಖಾನೆಯ ಗೇಜುಗಳನ್ನು ವರ್ಷಕ್ಕೊಮ್ಮೆ ಹೊರಗಿನ ಲ್ಯಾಬಿಗೆ ತಪಾಸಣೆಗೆ ಕಳಿಸುತ್ತೇವೆ. ನಾನು ಊರಲ್ಲಿದ್ದಾಗಲೇ ಆ ಮರದ ಡಬ್ಬಿ ಹೋಗಿತ್ತು. ಅಕ್ಟೋಬರಿನಲ್ಲಿ ಅದು ತಿರುಗಿ ಬಂತು. ಸಹಿ ಹಾಕಬೇಕಾದವನು ನಾನೇ. ಪ್ರತಿ ಗೇಜಿಗೂ ಒಂದೊಂದು ಕಾಗದ ಇತ್ತು. ಎಲ್ಲಕ್ಕಿಂತ ಕೆಳಗೆ ಒಂದು ಪ್ಲಾಸ್ಟಿಕ್ ಚೀಲ, ಅದರ ಮೇಲೆ ಅಂಟಿಸಿದ ಚೀಟಿ: ಲೆನ್ಸ್, ಒಂದು, ಗುರುತಿನ ಸಂಖ್ಯೆ ಇಲ್ಲ, ಪಟ್ಟಿಯಲ್ಲಿ ಇಲ್ಲ, ತಪಾಸಣೆ ಮಾಡದೆ ವಾಪಸ್ ಕಳಿಸಲಾಗಿದೆ. ನನ್ನ ಕರವಸ್ತ್ರವನ್ನೂ ಮಡಚಿ ಅದರಲ್ಲೇ ಇಟ್ಟಿದ್ದರು.

ಬಸ್ಸಿನಲ್ಲಿ ಬರುವಾಗ, ಇದನ್ನು ದಾರಿಯ ಗಟಾರಕ್ಕೆ ಎಸೆದುಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ ಎಂದು ಲೆಕ್ಕ ಹಾಕಿದೆ. ಹೌದು, ಹಾಕಿದೆ. ಮನೆಗೆ ಬಂದು ಹೆಂಡತಿಯ ಮುಂದೆ ಇಟ್ಟೆ. ಅವಳು ಆ ಚೀಟಿ ಓದಿ, ಎದ್ದು ಹೋಗ್ರಿ, ಈಗ ಹೋಗ್ರಿ ಎಂದಳು.

ಮಿಸ್ತ್ರಿ ಬಾಗಿಲಲ್ಲೇ ಸಿಕ್ಕರು. ಸುತ್ತ ಯಾರೂ ಇಲ್ಲ ಎಂದು ನೋಡಿಕೊಂಡೇ ನಾನು ಹೇಳಿದ್ದು. ಲೆನ್ಸ್ ಕಾರ್ಖಾನೆಯಲ್ಲೇ ಇತ್ತು, ಇಟ್ಟವನು ನಾನೇ, ತಪ್ಪಾಯಿತು ಎಂದೆ. ಅವರು ಕೇಳಿಸಿಕೊಂಡು, ಗಡ್ಡ ನೀವಿಕೊಂಡರು.

"ಬಿಡ್ರಿ. ಚೌತಿ ಚಂದ್ರನ್ನ ನೋಡಿದ್ದೆ ನಾ, ನಿಮ್ಮ ದುರ್ಬೀನಿನಾಗನ ನೋಡಿದ್ದೆ. ನೋಡಿದ್ರ ಅಪವಾದ ಬರತೈತಿ ಅಂತ ನೀವ ಹೇಳ್ತೀರಲ್ಲ, ಬಂತು. ನಿಮ್ಮದೇನ್ ತಪ್ಪೈತಿ?"

ನನಗೆ ಎಷ್ಟು ಹಗುರಾಯಿತೆಂದರೆ, ಅದೇ ನಿಜ ಎಂದು ಒಪ್ಪಿಕೊಂಡು ನಕ್ಕೂಬಿಟ್ಟೆ. ಚೌತಿಯ ಚಂದ್ರ ಯಾರನ್ನು ಬಿಟ್ಟಿದ್ದಾನೆ, ಎಂದು ನಾಲ್ಕು ಮಾತೂ ಸೇರಿಸಿದೆ. ಮನೆಗೆ ಬಂದು ಹೆಂಡತಿಗೆ ಹೇಳಿದೆ, ಮಿಸ್ತ್ರಿ ಮನಸ್ಸಿನಲ್ಲಿ ಏನೂ ಇಟ್ಟುಕೊಂಡಿಲ್ಲ ಎಂದು.

"ಚೌತಿ ದಿನ ಮಳಿ ಬಿಟ್ಟಿತ್ತೇನ್ರಿ ಇಲ್ಲಿ?" ಎಂದಳು ಅವಳು.

ಬಿಟ್ಟಿರಲಿಲ್ಲ. ಐದೂ ದಿನ ಎಡೆಬಿಡದೆ ಹೊಯ್ದಿತ್ತು ಎಂದು ಗಲ್ಲಿಯವರೆಲ್ಲ ಹೇಳಿದ್ದರು. ಆ ಮಳೆಗೇ ನಮ್ಮ ಶೀಟು ಸೋರಿದ್ದು. ಆಕಾಶದಲ್ಲಿ ಚಂದ್ರ ಅನ್ನುವವನು ಇರಲೇ ಇಲ್ಲ. ನಮಾಜು ತಪ್ಪಿಸದ ಮನುಷ್ಯ, ನನ್ನ ಮುಖ ಉಳಿಸಲು ನಮ್ಮ ಹಬ್ಬದ ನಂಬಿಕೆ ಹಿಡಿದು ಒಂದು ಸುಳ್ಳು ಹೇಳಿದ್ದರು. ನಾನು ಅದನ್ನು ಪ್ರಸಾದದ ಹಾಗೆ ಕಣ್ಣಿಗೊತ್ತಿಕೊಂಡು ಬಂದಿದ್ದೆ.

"ನಳದ ಮುಂದ ಅಂದೀರಿ. ನಳದ ಮುಂದನ ಹೇಳ್ರಿ," ಎಂದಳು.

ಹೇಳುತ್ತೇನೆ ಎಂದೆ. ಹೇಳಲಿಲ್ಲ. ಒಂದು ದಿನ ಜನ ಕಡಿಮೆ ಇದ್ದರು, ಹೇಳಿ ಉಪಯೋಗವಿಲ್ಲ ಅನ್ನಿಸಿತು. ಇನ್ನೊಂದು ದಿನ ಜನ ಬಹಳ ಇದ್ದರು, ಬಾಯಿ ಬರಲಿಲ್ಲ. ಒಂದು ವಾರ ಪಾಳಿ ಅಡ್ಡ ಬಂತು, ಒಂದು ವಾರ ನೆಗಡಿ. ಮಳೆ ಮುಗಿದು ಆಕಾಶ ಕನ್ನಡಿಯಾಯಿತು, ನಾನು ದುರ್ಬೀನು ಹೊರಗೆ ತೆಗೆಯಲಿಲ್ಲ. ತೆಗೆದರೆ ಆ ಪೀಠವನ್ನು ಎಲ್ಲರ ಕಣ್ಣೆದುರು ಟಾಕಿಯ ಮೇಲಕ್ಕೆ ಹೊರಬೇಕಿತ್ತು. ಲೆನ್ಸ್ ಸಿಕ್ಕಿತೇ ಎಂದು ಯಾರೋ ಕೇಳಿದಾಗ, ಹೊಸದು ತರಿಸಬೇಕು ಎಂದೆ. ಮಿಸ್ತ್ರಿ ಎದುರಾದಾಗಲೆಲ್ಲ ಊಟ ಆತ್ರಿ ಎಂದು ಕೇಳುತ್ತಲೇ ಇದ್ದರು. ದೀಪಾವಳಿಗೆ, ಸಂಕ್ರಾಂತಿಗೆ ಊರಿಗೆ ಹೋದವರು ಚಾವಿಯನ್ನು ಆ ಮುದುಕಿಯ ಹತ್ತಿರ ಕೊಟ್ಟುಹೋದರು. ಯಾರೂ ಯಾರಿಗೂ ಹೀಗೆ ಮಾಡಿ ಎಂದು ಹೇಳಿರಲಿಲ್ಲ.

ರಮ್ಜಾನ್ ಮುಗಿಯುತ್ತ ಬಂದಾಗ ಒಂದು ಸಂಜೆ ಮಿಸ್ತ್ರಿಯೇ ನಮ್ಮ ಬಾಗಿಲಿಗೆ ಬಂದರು. ನಾಳೆ ಮಧ್ಯಾಹ್ನದ ಬಸ್ಸಿಗೆ ಹೊಂಟೇವಿ, ಎಂದು ಚಾವಿ ಮುಂದೆ ಹಿಡಿದರು. ಪ್ರತಿ ವರ್ಷದ ಹಾಗೆ, ಏನೂ ಆಗಿಲ್ಲ ಅನ್ನುವ ಹಾಗೆ. ಹೆಂಡತಿ ತೆಗೆದುಕೊಳ್ಳಲಿಲ್ಲ, ನನ್ನ ಕಡೆ ನೋಡಿದಳು. ನಾನೇ ಕೈ ಚಾಚಿ ತೆಗೆದುಕೊಳ್ಳಬೇಕಾಯಿತು.

ಮರುದಿನ ಬೆಳಿಗ್ಗೆ ನೀರು ಬಿಟ್ಟ ಹೊತ್ತಿಗೆ ಹೋಗಿ ನಿಂತೆ. ಮಿಸ್ತ್ರಿಯೂ ಇದ್ದರು. ಲೆನ್ಸ್ ನನ್ನ ಕಂಪನಿಯಲ್ಲಿ, ನನ್ನ ಡಬ್ಬಿಯಲ್ಲೇ ಇತ್ತು, ಇಟ್ಟು ಮರೆತವನು ನಾನು, ಇವರ ಮೇಲೆ ಸುಳ್ಳು ಹೊರಿಸಿದೆ ಎಂದು ಹೇಳಿದೆ. ಆಮೇಲೆ ಆ ಮುದುಕಿ ಕೇಳಿದಳು.

"ಯಾವಾಗ ಸಿಕ್ಕಿತ್ತಪಾ ಅದು?"

"ಐದು ತಿಂಗಳಾತು," ಎಂದೆ.

ಅವಳು ಸೊಂಟಕ್ಕೆ ಕೊಡ ಏರಿಸಿಕೊಂಡು ಹೋದಳು.

ಹೇಳಿಯಾಯಿತು, ಇನ್ನು ಎಲ್ಲ ಮೊದಲಿನ ಹಾಗೆ ಆಗುತ್ತದೆ ಎಂದು ನಾನು ನಂಬಿದ್ದೆ. ಹಬ್ಬ ಮುಗಿಸಿ ಬಂದ ಮಿಸ್ತ್ರಿಗೆ ಅವರ ಚಾವಿ ಮರಳಿಸಿದೆ, ಅವರು ಊರಿಂದ ತಂದ ಸಿಹಿ ಕೊಟ್ಟರು. ಬೇಸಿಗೆಯಲ್ಲಿ ದುರ್ಬೀನು ಮತ್ತೆ ಟಾಕಿಯ ಮೇಲೆ ಏರಿತು, ಪೀಠದ ಒಂದು ಪಕ್ಕೆ ಉಬ್ಬಿದ್ದನ್ನು ಅವರೇ ಉಜ್ಜಿ ಸರಿಮಾಡಿದರು. ಮತ್ತೆ ಮಳೆಗಾಲ, ಮತ್ತೆ ಚೌತಿ. ಹೊರಡುವ ಹಿಂದಿನ ದಿನ ನಾನೇ ನಮ್ಮ ಚಾವಿ ಹಿಡಿದು ಅವರ ಮನೆಗೆ ಹೋದೆ. ನನ್ನನ್ನು ನೋಡಿ ಗಲ್ಲಿಯ ಉಳಿದವರೂ ಕೊಡಲಿ ಅನ್ನುವುದು ನನ್ನ ಆಸೆ.

ಮಿಸ್ತ್ರಿ ಕೂರಿಸಿದರು, ಭಾಬಿ ಚಹಾ ಕೊಟ್ಟರು. ಚಾವಿಗೆ ಮಾತ್ರ ಅವರು ಕೈ ಒಡ್ಡಲಿಲ್ಲ.

"ನಮ್ದು ನಿಮಗ ಕೊಡ್ತೀವ್ರಿ, ಇನ್ನ ಮುಂದೂ ಕೊಡ್ತೀವಿ. ನಿಮ್ಮ ಮನಿ ಮ್ಯಾಲ ನಂಬಿಗಿ ಐತಿ. ಆದ್ರ ಇನ್ನ ಯಾರ್ದೂ ತಗೋಳಂಗಿಲ್ರಿ ನಾ."

ನಳದ ಮುಂದೆ ಎಲ್ಲರಿಗೂ ಹೇಳಿದೆನಲ್ಲ ಮಿಸ್ತ್ರಿ, ಎಂದು ಕೇಳಿಕೊಂಡೆ.

"ಹೇಳಿದ್ರಿ, ಖರೇ. ನೀವು ಹೇಳಿದ ದಿನ ನನ್ನ ಮಗಳು ಗಂಡನ ಮನ್ಯಾಗಿದ್ಲು. ನೀವು ಲೆನ್ಸ್ ಕೇಳಿದ ದಿನ ಇಲ್ಲೇ ಇದ್ಲು. ಹಬ್ಬದ ಸೂಟಿಗೆ ಬಂದಿದ್ಲು, ನಳದ ಹತ್ರ ಅಳಿಯನ ಜೋಡಿನ ನಿಂತಿದ್ಲು."

ಅಳಿಯ ಅಲ್ಲಿದ್ದದ್ದನ್ನು ನಾನು ನೋಡಿರಲೇ ಇಲ್ಲ. ಚಾವಿ ಜೇಬಿಗೆ ಹಾಕಿಕೊಂಡು ಮನೆಗೆ ಬಂದೆ, ಮರುದಿನ ಅದನ್ನು ಜೇಬಿನಲ್ಲಿ ಇಟ್ಟುಕೊಂಡೇ ಊರಿಗೆ ಹೋದೆವು.